ಬ್ಯಾಗ್ ಕಟ್ಟುವ ಮುನ್ನ ಹಡಗನ್ನು ತಿಳಿಯೋಣ

ಕ್ರೂಸ್ ಹಡಗು ಹತ್ತಿದ ಮೊದಲ ಮಧ್ಯಾಹ್ನ ಈಜುಕೊಳದ ಬದಿಗೆ ಹೋಗಿ ನೋಡಿ. ಬಿಸಿಲು ಚುರುಕಾಗಿರುತ್ತದೆ, ಹಾಡು ಶುರುವಾಗಿರುತ್ತದೆ. ಕೆಲವರು ಆಗಲೇ ನೀರಿಗೆ ಇಳಿದಿರುತ್ತಾರೆ. ಇನ್ನು ಕೆಲವರು ಜೀನ್ಸ್, ಶೂ ತೊಟ್ಟು ಬದಿಯಲ್ಲಿ ನಿಂತಿರುತ್ತಾರೆ. ಮಕ್ಕಳು ಅವರ ಕೈ ಹಿಡಿದು ಎಳೆಯುತ್ತಿರುತ್ತಾರೆ. ಈಜುವ ಬಟ್ಟೆ ಸೂಟ್‌ಕೇಸ್‌ನಲ್ಲಿದೆ, ಸೂಟ್‌ಕೇಸ್ ಇನ್ನೂ ಕ್ಯಾಬಿನ್‌ಗೆ ಬಂದಿಲ್ಲ. ಸಂಜೆಯವರೆಗೂ ಬಾರದೇ ಇರಬಹುದು.

ಇದರಲ್ಲಿ ಯಾರ ತಪ್ಪೂ ಇಲ್ಲ. ಬಂದರಿನ ಟರ್ಮಿನಲ್ ಹತ್ತಿರ ದೊಡ್ಡ ಚೀಲಗಳನ್ನು ಪೋರ್ಟರ್ ಕೈಗೆ ಕೊಡುತ್ತೀರಿ. ಅವು ಎಕ್ಸ್‌ರೇ ಯಂತ್ರ ದಾಟಿ, ಹಡಗಿನ ಹೊಟ್ಟೆಗೆ ಸೇರಿ, ಅಲ್ಲಿಂದ ಒಂದೊಂದು ಡೆಕ್‌ಗೆ, ಅಂದರೆ ಹಡಗಿನ ಮಹಡಿಗೆ, ಹಂಚಿಹೋಗಿ, ಕೊನೆಗೆ ನಿಮ್ಮ ಬಾಗಿಲಿಗೆ ಬರಬೇಕು. 2024ರಲ್ಲಿ ಓಡಾಟ ಶುರು ಮಾಡಿದ ‘ಐಕಾನ್ ಆಫ್ ದ ಸೀಸ್’ ಹಡಗಿನಲ್ಲಿ ಗರಿಷ್ಠ 7,600 ಪ್ರಯಾಣಿಕರು ಹಿಡಿಸುತ್ತಾರೆ. ತಲೆಗೊಂದು ಸೂಟ್‌ಕೇಸ್ ಎಂದುಕೊಂಡರೂ ಲೆಕ್ಕ ಹಾಕಿ. ಅದೇ ದಿನ ಬೆಳಗ್ಗೆ ಹಿಂದಿನ ಪ್ರಯಾಣಿಕರ ಚೀಲಗಳೆಲ್ಲ ಇಳಿದಿರುತ್ತವೆ. ಹೊತ್ತಾಗದೆ ಇರುತ್ತದೆಯೇ?

ಕ್ರೂಸ್‌ಗೆ ಏನೇನು ಒಯ್ಯಬೇಕು ಎಂಬ ಪಟ್ಟಿಗಳಿಗೆ ಬರವಿಲ್ಲ. ಆದರೆ ಪಟ್ಟಿಯಲ್ಲಿ ಎಲ್ಲದಕ್ಕೂ ಒಂದೇ ಬೆಲೆ. ಬಾಚಣಿಗೆಯೂ ಒಂದು ಸಾಲು, ಪಾಸ್‌ಪೋರ್ಟೂ ಒಂದು ಸಾಲು. ನನಗೆ ಸರಿ ಎನಿಸಿದ ದಾರಿ ಬೇರೆ. ದಿನಗಳನ್ನು ಎಣಿಸಿ ಬಟ್ಟೆ ತುಂಬುವ ಮೊದಲು, ಸೂಟ್‌ಕೇಸ್ ನಿಮ್ಮ ಕೈಗೆ ಸಿಗದ ಹೊತ್ತುಗಳನ್ನು ಎಣಿಸಿ. ಅವು ಮುಖ್ಯವಾಗಿ ಮೂರು: ಹತ್ತಿದ ಮೊದಲ ಮಧ್ಯಾಹ್ನ, ಬಂದರಿನಲ್ಲಿ ಇಳಿದು ಸುತ್ತುವ ಗಂಟೆಗಳು, ಇಳಿಯುವ ಹಿಂದಿನ ರಾತ್ರಿ. ಈ ಮೂರಕ್ಕೂ ಏನು ಬೇಕು ಎಂದು ಯೋಚಿಸಿಬಿಟ್ಟರೆ ಉಳಿದದ್ದು ಸಲೀಸು.

ಮೊದಲ ಮಧ್ಯಾಹ್ನಕ್ಕೆ ಒಂದು ಚಿಕ್ಕ ಬೆನ್ನುಚೀಲ ಸಾಕು. ಅದರಲ್ಲಿ ಈಜುವ ಬಟ್ಟೆ, ಚಪ್ಪಲಿ, ಸನ್‌ಸ್ಕ್ರೀನ್, ತಂಪು ಕನ್ನಡಕ, ಫೋನ್ ಚಾರ್ಜರ್, ಸಂಜೆಗೆ ಹಾಕಿಕೊಳ್ಳಲು ಒಂದು ಜೊತೆ ಬಟ್ಟೆ ಇರಲಿ. ಪಾಸ್‌ಪೋರ್ಟ್, ಬೋರ್ಡಿಂಗ್ ಕಾಗದ, ಒಡವೆ, ಕ್ಯಾಮೆರಾ, ಲ್ಯಾಪ್‌ಟಾಪ್ ಯಾವತ್ತೂ ಪೋರ್ಟರ್‌ಗೆ ಕೊಡುವ ಚೀಲಕ್ಕೆ ಹೋಗಬಾರದು. ಪಾಸ್‌ಪೋರ್ಟನ್ನು ಸೂಟ್‌ಕೇಸ್‌ನಲ್ಲಿ ಇಟ್ಟು ಕಳಿಸಿಬಿಟ್ಟರೆ ಟರ್ಮಿನಲ್ ಒಳಗೇ ನಿಮ್ಮನ್ನು ನಿಲ್ಲಿಸುತ್ತಾರೆ.

ದಿನಾ ತೆಗೆದುಕೊಳ್ಳುವ ಔಷಧಿಗಳ ಬಗ್ಗೆ ಸ್ವಲ್ಪ ಒತ್ತಿ ಹೇಳುತ್ತೇನೆ. ಎಲ್ಲವೂ ಕೈಚೀಲದಲ್ಲೇ ಇರಲಿ. ಪ್ರವಾಸದ ದಿನಗಳಿಗಿಂತ ಮೂರ್ನಾಲ್ಕು ದಿನದ್ದು ಜಾಸ್ತಿ ಇರಲಿ. ಹವಾಮಾನ ಕೆಟ್ಟರೆ ಹಡಗು ತಡವಾಗಿ ಬಂದರು ಸೇರುವುದು ಅಪರೂಪವೇನಲ್ಲ. ಮಾತ್ರೆಗಳು ಅವುಗಳ ಮೂಲ ಪೊಟ್ಟಣದಲ್ಲೇ ಇರಲಿ, ಜೊತೆಗೆ ವೈದ್ಯರ ಚೀಟಿಯೂ ಇರಲಿ. ನಿಮಗೆ ಬೇಕಾದ ಮಾತ್ರೆಯೇ ಹಡಗಿನ ಆಸ್ಪತ್ರೆಯಲ್ಲಿ ಸಿಗುತ್ತದೆ ಎಂದು ನಂಬಿಕೊಳ್ಳಬೇಡಿ.

ಕಾಗದಪತ್ರ

ಇದು ಬೇಸರದ ಕೆಲಸ, ಆದರೆ ಬಟ್ಟೆಗಿಂತ ಮೊದಲು ಇದು ಮುಗಿಯಬೇಕು. ಪ್ರವಾಸ ಮುಗಿದ ಮೇಲೂ ಪಾಸ್‌ಪೋರ್ಟ್‌ನಲ್ಲಿ ಆರು ತಿಂಗಳ ಅವಧಿ ಉಳಿದಿರಬೇಕು ಎಂದು ಅನೇಕ ದೇಶಗಳು ಕೇಳುತ್ತವೆ. ಟಿಕೆಟ್‌ನಲ್ಲಿರುವ ಹೆಸರೂ ಪಾಸ್‌ಪೋರ್ಟ್‌ನಲ್ಲಿರುವ ಹೆಸರೂ ಅಕ್ಷರ ಅಕ್ಷರ ಹೊಂದಬೇಕು. ಹಡಗು ನಿಲ್ಲುವ ಒಂದೊಂದು ದೇಶದ ವೀಸಾ ನಿಯಮವನ್ನೂ ನೋಡಿ. ‘ನಾನು ಅಲ್ಲಿ ಇಳಿಯುವುದೇ ಇಲ್ಲ’ ಎಂದರೂ ಕೆಲವು ಕಡೆ ವೀಸಾ ಬೇಕಾಗುತ್ತದೆ. ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಒಂದು ದೇಶದಲ್ಲಿ ಹಡಗು ಹತ್ತಿ, ಬೇರೆ ದೇಶಗಳನ್ನು ಸುತ್ತಿ, ಮತ್ತೆ ಅಲ್ಲಿಗೇ ಬಂದು ಇಳಿದರೆ ಅದು ಎರಡನೇ ಪ್ರವೇಶವಾಗಬಹುದು. ಒಂದೇ ಸಲ ಒಳಗೆ ಬಿಡುವ ವೀಸಾ ಆಗ ಸಾಲದು.

ಹಡಗು ಹತ್ತುವ ಊರಿಗೆ ವಿಮಾನದಲ್ಲಿ ಹೋಗುವವರು ಹಿಂದಿನ ದಿನವೇ ತಲುಪಿಬಿಡಿ. ವಿಮಾನ ತಡವಾದರೆ ಮುಂದಿನದು ಸಿಗುತ್ತದೆ, ಹಡಗು ಹೋದರೆ ಹೋದಂತೆಯೇ.

ವಿಮೆಯನ್ನೂ ಸುಮ್ನೆ ಬಿಡಬೇಡಿ. ಮಾಮೂಲಿ ಆರೋಗ್ಯ ವಿಮೆ ಹೊರದೇಶದಲ್ಲಿ, ನಡುಸಮುದ್ರದಲ್ಲಿ ಅನ್ವಯಿಸದೇ ಇರಬಹುದು. ಹಡಗಿನ ವೈದ್ಯರು ಪ್ರತಿ ಭೇಟಿಗೂ ಬಿಲ್ ಹಾಕುತ್ತಾರೆ. ರೋಗಿಯನ್ನು ಹೆಲಿಕಾಪ್ಟರ್‌ನಲ್ಲಿ ದಡಕ್ಕೆ ಸಾಗಿಸಬೇಕಾಗಿ ಬಂದರೆ ಖರ್ಚು ಹೇಳತೀರದು. ಆದ್ದರಿಂದ ವಿಮೆಯಲ್ಲಿ ತುರ್ತು ಸಾಗಾಟ ಸೇರಿದೆಯೇ ಎಂದು ಓದಿ ನೋಡಿ. ಕೆರಿಬಿಯನ್ ಕಡೆ ಹೋಗುವವರು ಇನ್ನೊಂದನ್ನು ನೆನಪಿಡಬೇಕು. ಅಟ್ಲಾಂಟಿಕ್‌ನಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಅದರ ಜೋರು ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ. ಹಾಗೆಂದು ಆಗ ಹಡಗುಗಳು ನಿಂತುಬಿಡುವುದಿಲ್ಲ, ದಾರಿ ಬದಲಿಸುತ್ತವೆ. ನೋಡಬೇಕೆಂದಿದ್ದ ದ್ವೀಪ ತಪ್ಪಿ ಇನ್ನೊಂದು ಸಿಗಬಹುದು. ಅದಕ್ಕೆ ಮನಸ್ಸು ಸಿದ್ಧವಾಗಿದ್ದರೆ ಒಳ್ಳೆಯದು.

ಕ್ಯಾಬಿನ್ ಎಂಬ ಕಬ್ಬಿಣದ ಪೆಟ್ಟಿಗೆ

ಮಾಮೂಲಿ ಕ್ಯಾಬಿನ್ ಎಂದರೆ ಹದಿನೈದು, ಹದಿನೆಂಟು ಚದರ ಮೀಟರ್. ಸ್ನಾನದ ಮನೆಯೂ ಅದರಲ್ಲೇ. ಇಬ್ಬರು ಒಟ್ಟಿಗೆ ನಿಂತು ಸೂಟ್‌ಕೇಸ್ ತೆರೆಯಲು ಜಾಗ ಇರುವುದಿಲ್ಲ. ಬಟ್ಟೆಗಳನ್ನು ಮೊದಲ ದಿನವೇ ಕಪಾಟಿಗೆ ಹಾಕಿ ಖಾಲಿ ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳಿಬಿಡಿ. ಅದಕ್ಕೆಂದೇ ಅಲ್ಲಿ ಜಾಗ ಬಿಟ್ಟಿರುತ್ತಾರೆ.

ಕ್ಯಾಬಿನ್ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ. ಟಣ್ ಎನ್ನುತ್ತದೆ. ಬಹುತೇಕ ಹಡಗುಗಳಲ್ಲಿ ಅದು ಉಕ್ಕಿನ ಹಲಗೆ, ಮೇಲೆ ತೆಳುವಾದ ಹೊದಿಕೆ ಅಷ್ಟೇ. ಹಾಗಾಗಿ ಅಯಸ್ಕಾಂತ ಇರುವ ಕೊಕ್ಕೆಗಳು ಅದಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಐದಾರು ಕೊಕ್ಕೆ ಒಯ್ದರೆ ಟೋಪಿ, ಚೀಲ, ಮರುದಿನದ ಟಿಕೆಟ್, ಒಣಗಬೇಕಾದ ಟೀ ಶರ್ಟು ಎಲ್ಲಕ್ಕೂ ಒಂದೊಂದು ಜಾಗ ಆಗುತ್ತದೆ. ಇಡೀ ಪ್ರವಾಸದಲ್ಲಿ ತೂಕಕ್ಕೆ ತಕ್ಕ ಉಪಯೋಗ ಎಂದರೆ ಇವುಗಳದ್ದೇ ಎನ್ನುತ್ತೇನೆ ನಾನು.

ಈಗ ವಿದ್ಯುತ್ತಿನ ವಿಷಯ. ಇಸ್ತ್ರಿ ಪೆಟ್ಟಿಗೆ, ಬಟ್ಟೆಗೆ ಹಬೆ ಕೊಡುವ ಸ್ಟೀಮರ್, ನೀರು ಕಾಯಿಸುವ ಕೆಟಲ್, ಮೇಣದಬತ್ತಿ ಇವೆಲ್ಲಕ್ಕೂ ಹಡಗಿನಲ್ಲಿ ನಿಷೇಧ. ಚೀಲದಲ್ಲಿ ಸಿಕ್ಕರೆ ಚೀಲವನ್ನೇ ತಡೆದಿಡುತ್ತಾರೆ. ಕಾರಣ ಬೆಂಕಿ. ನಡುಸಮುದ್ರದಲ್ಲಿ ಅಗ್ನಿಶಾಮಕ ದಳ ಬರುವುದಿಲ್ಲ, ಇರುವ ಸಿಬ್ಬಂದಿಯೇ ಆರಿಸಬೇಕು. ಇದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಹಠಾತ್ತನೆ ಏರಿದರೆ ಉಪಕರಣ ಕಾಯುವ ಭಾಗ) ಇರುವ ಎಕ್ಸ್‌ಟೆನ್ಶನ್ ಬೋರ್ಡನ್ನೂ ಯಾಕೆ ಕಿತ್ತುಕೊಳ್ಳುತ್ತಾರೆ? ಅದು ಸುರಕ್ಷತೆಯ ಸಾಮಾನು ಅಲ್ವಾ?

ದಡದ ಮೇಲೆ ಹೌದು. ಮನೆಯ ವೈರಿಂಗ್‌ನಲ್ಲಿ ಎರಡು ತಂತಿಗಳ ಪೈಕಿ ಒಂದರಲ್ಲಿ ಮಾತ್ರ ಶಾಕ್ ಹೊಡೆಯುವ ಕರೆಂಟು. ಇನ್ನೊಂದನ್ನು, ಅಂದರೆ ನ್ಯೂಟ್ರಲ್ ತಂತಿಯನ್ನು, ಭೂಮಿಗೆ ಜೋಡಿಸಿರುತ್ತಾರೆ. ಅನೇಕ ಹಡಗುಗಳಲ್ಲಿ ಹಾಗಿಲ್ಲ. ಎರಡು ತಂತಿಗಳಲ್ಲಿ ಯಾವುದನ್ನೂ ಹಡಗಿನ ಮೈಗೆ ಜೋಡಿಸಿರುವುದಿಲ್ಲ, ಎರಡರಲ್ಲೂ ಕರೆಂಟು ಇರುತ್ತದೆ. ಎಲ್ಲೋ ಒಂದು ಕಡೆ ತಂತಿ ಹಡಗಿನ ಮೈಗೆ ತಗುಲಿದರೂ ಇಡೀ ಹಡಗಿನ ವಿದ್ಯುತ್ ಹೋಗಬಾರದು ಎಂಬುದು ಇದರ ಉದ್ದೇಶ. ಮನೆಗೆಂದು ಮಾಡಿದ ಸರ್ಜ್ ಪ್ರೊಟೆಕ್ಟರ್‌ಗೆ ಈ ಏರ್ಪಾಡು ಹೊಂದುವುದಿಲ್ಲ. ಹಡಗಿನಲ್ಲಿ ಅಂಥ ದೋಷ ಬಂದಾಗ ಅದು ಒಳಗೊಳಗೇ ಕಾದು ಹೊತ್ತಿಕೊಳ್ಳಬಹುದು. ಅಮೆರಿಕದ ಕರಾವಳಿ ಕಾವಲು ಪಡೆ 2013ರಲ್ಲೇ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಆದ್ದರಿಂದ ಬೋರ್ಡು ಮನೆಯಲ್ಲೇ ಇರಲಿ. ನಾಲ್ಕೈದು ಯುಎಸ್‌ಬಿ ಕಿಂಡಿ ಇರುವ ಒಂದು ಚಾರ್ಜರ್ ಒಯ್ಯಿರಿ. ಪ್ಲಗ್ ಯಾವ ಆಕಾರದ್ದು ಎಂದು ಮೊದಲೇ ನೋಡಿಕೊಂಡು ಅದಕ್ಕೆ ತಕ್ಕ ಅಡಾಪ್ಟರ್ ಇಟ್ಟುಕೊಳ್ಳಿ.

ಬಿಸಿಲು, ಏಸಿ, ತೇವ

ಬೆಚ್ಚಗಿನ ಕಡಲಿಗೆ ಹೋಗುವಾಗ ಬರೀ ತೆಳು ಬಟ್ಟೆ ತುಂಬುವುದು ಸಹಜ. ಆದರೆ ಹಡಗಿನೊಳಗೆ ಏಸಿ ಜೋರು. ನಾಟಕ ಮಂದಿರದಲ್ಲಿ, ಊಟದ ಹಾಲ್‌ನಲ್ಲಿ ಒಂದು ಗಂಟೆ ಕೂತರೆ ಮೈ ನಡುಗುತ್ತದೆ. ಒಂದು ತೆಳು ಸ್ವೆಟರ್ ಅಥವಾ ಶಾಲು ಇರಲೇಬೇಕು.

ಈಜುವ ಬಟ್ಟೆ ಎರಡು ಜೊತೆ ಬೇಕು. ಕ್ಯಾಬಿನ್‌ನ ಸ್ನಾನದ ಮನೆಯಲ್ಲಿ ಒದ್ದೆ ಬಟ್ಟೆ ಬೇಗ ಒಣಗುವುದಿಲ್ಲ. ಬಾಲ್ಕನಿಯಲ್ಲಿ ಹರವಿದರೆ ಗಾಳಿ ಎತ್ತಿಕೊಂಡು ಹೋಗುತ್ತದೆ, ಹಡಗಿನವರೂ ಬಿಡುವುದಿಲ್ಲ. ಬೆಳಗ್ಗೆ ಹಸಿ ಬಟ್ಟೆ ಎಳೆದು ಹಾಕಿಕೊಳ್ಳುವ ಕಷ್ಟ ಒಂದು ಸಲ ಅನುಭವಿಸಿದವರಿಗೆ ಗೊತ್ತು. ಉಳಿದ ಬಟ್ಟೆಗಳೂ ಬೇಗ ಒಣಗುವಂಥವೇ ಆಗಿದ್ದರೆ ವಾರಕ್ಕೆ ನಾಲ್ಕು ಜೊತೆ ಸಾಲುತ್ತದೆ, ಕೈಯಲ್ಲೇ ಒಗೆದುಕೊಳ್ಳಬಹುದು. ದಪ್ಪ ಹತ್ತಿ, ಜೀನ್ಸ್ ಒದ್ದೆಯಾದರೆ ಎರಡು ದಿನ ಹಾಗೇ ಇರುತ್ತವೆ.

ವಾರದ ಪ್ರವಾಸದಲ್ಲಿ ಒಂದೋ ಎರಡೋ ಸಂಜೆ ಚೆನ್ನಾಗಿ ಉಡುಪು ಧರಿಸಿ ಊಟಕ್ಕೆ ಬರುವ ಪದ್ಧತಿ ಅನೇಕ ಹಡಗುಗಳಲ್ಲಿದೆ. ಅದಕ್ಕೆ ಒಂದು ಒಳ್ಳೆಯ ಜೊತೆ ಸಾಕು.

ಸನ್‌ಸ್ಕ್ರೀನ್ ವಿಷಯದಲ್ಲಿ ಎಲ್ಲರೂ ಎಸ್‌ಪಿಎಫ್ ಸಂಖ್ಯೆಯ ಹಿಂದೆ ಬೀಳುತ್ತಾರೆ. ಚರ್ಮ ಸುಡುವ ಕಿರಣಗಳಲ್ಲಿ ಎಸ್‌ಪಿಎಫ್ 30 ಸುಮಾರು ಶೇ. 97ರಷ್ಟನ್ನು ತಡೆಯುತ್ತದೆ, 50 ಸುಮಾರು ಶೇ. 98ರಷ್ಟನ್ನು. ವ್ಯತ್ಯಾಸ ಅಷ್ಟೇ. ನಿಜವಾದ ವ್ಯತ್ಯಾಸ ಇರುವುದು ಎಷ್ಟು ಹಚ್ಚುತ್ತೀರಿ ಎಂಬುದರಲ್ಲಿ. ದೊಡ್ಡವರ ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿಲಿ ಬೇಕು, ಅಂದರೆ ಎರಡು ದೊಡ್ಡ ಚಮಚ. ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದು ಬಂದಾಗಲೆಲ್ಲ ಮತ್ತೆ ಹಚ್ಚಬೇಕು. ಹಾಗೆ ನೋಡಿದರೆ 100 ಮಿಲಿ ಬಾಟಲಿ ಒಬ್ಬರಿಗೆ ಒಂದು ದಿನದ ಬೀಚಿಗೇ ಮುಗಿಯುತ್ತದೆ. ವಿಮಾನದ ಕೈಚೀಲದಲ್ಲಿ ಸಾಮಾನ್ಯವಾಗಿ ಅಷ್ಟೇ ಒಯ್ಯಲು ಬಿಡುವುದು. ದೊಡ್ಡ ಬಾಟಲಿಗಳು ಸೂಟ್‌ಕೇಸ್‌ಗೆ ಹೋಗಲಿ.

ಹಡಗಿನ ಮೇಲ್ಡೆಕ್‌ನಲ್ಲಿ ಗಾಳಿ ಬೀಸುತ್ತಲೇ ಇರುತ್ತದೆ. ಬಿಸಿ ಗೊತ್ತೇ ಆಗುವುದಿಲ್ಲ. ಸಂಜೆ ಸ್ನಾನಕ್ಕೆ ನಿಂತಾಗ ಹೆಗಲು ಉರಿಯುತ್ತದೆ, ಆಗ ಗೊತ್ತಾಗುತ್ತದೆ. ಆದ್ದರಿಂದ ಕ್ರೀಮಿಗಿಂತ ಮೊದಲು ಬಟ್ಟೆಯನ್ನು ನಂಬಿ. ಉದ್ದ ತೋಳಿನ ಈಜು ಅಂಗಿ, ಗಲ್ಲಕ್ಕೆ ಕಟ್ಟುವ ದಾರ ಇರುವ ಅಗಲ ಟೋಪಿ ಎರಡೂ ಬೇಕು. ದಾರ ಇಲ್ಲದ ಟೋಪಿ ಸಮುದ್ರದ ಪಾಲಾಗುತ್ತದೆ.

ಹವಳಕ್ಕೆ ಹಾನಿ ಮಾಡುತ್ತವೆ ಎಂಬ ಕಾರಣಕ್ಕೆ ಕೆಲವು ಕಡೆ ಕೆಲವು ಸನ್‌ಸ್ಕ್ರೀನ್‌ಗಳಿಗೆ ನಿಷೇಧ ಇದೆ. ಹವಾಯಿಯಲ್ಲಿ 2021ರ ಜನವರಿಯಿಂದ ಆಕ್ಸಿಬೆನ್‌ಜೋನ್ ಮತ್ತು ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಮಾರುವಂತಿಲ್ಲ. ಪಲಾವ್ ದ್ವೀಪ ದೇಶ 2020ರಿಂದಲೇ ಇಂಥವನ್ನು ತಡೆದಿದೆ. ಜಿಂಕ್ ಆಕ್ಸೈಡ್ ಇರುವ ಕ್ರೀಮ್ ಕೊಂಡರೆ ಸಾಮಾನ್ಯವಾಗಿ ಎಲ್ಲಿಯೂ ತೊಂದರೆ ಆಗದು.

ಫೋಟೋ ತೆಗೆಯುವವರಿಗೆ ಒಂದು ಮಾತು. ತಣ್ಣಗಿನ ಕ್ಯಾಬಿನ್‌ನಿಂದ ಕ್ಯಾಮೆರಾ ಹಿಡಿದು ಬಾಲ್ಕನಿಗೆ ಓಡುತ್ತೀರಿ. ಡಾಲ್ಫಿನ್‌ಗಳು ಹಾರುತ್ತಿವೆ. ಲೆನ್ಸ್ ಮೇಲೆ ಮಂಜು! ಒರೆಸಿದರೆ ಮತ್ತೆ ಕೂರುತ್ತದೆ. ತಣ್ಣಗಿನ ಗಾಜಿಗೆ ಹೊರಗಿನ ತೇವದ ಗಾಳಿ ತಗುಲಿ ಹನಿಯಾಗುತ್ತದೆ, ಅಷ್ಟೇ. ಗಾಜು ಬೆಚ್ಚಗಾಗುವವರೆಗೆ ಏನೂ ಮಾಡಲಾಗದು. ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬೇಕಾಗುವುದಕ್ಕೆ ಇಪ್ಪತ್ತು ನಿಮಿಷ ಮೊದಲು ಹೊರಗಿಟ್ಟರೆ ಹನಿ ಚೀಲದ ಮೇಲೆ ಕೂರುತ್ತದೆ, ಲೆನ್ಸ್ ಮೇಲಲ್ಲ.

ಹೊಟ್ಟೆ ತೊಳಸಿದರೆ

ಒಳಕಿವಿಯಲ್ಲಿ ಸಮತೋಲನ ಕಾಯುವ ಅಂಗ ಇದೆ. ಹಡಗು ತೂಗಿದಾಗ ಅದು ‘ನಾವು ಅಲುಗಾಡುತ್ತಿದ್ದೇವೆ’ ಎನ್ನುತ್ತದೆ. ಕ್ಯಾಬಿನ್ನಿನೊಳಗೆ ಕೂತ ಕಣ್ಣು ‘ಇಲ್ಲ, ಗೋಡೆ ನಿಂತಲ್ಲೇ ನಿಂತಿದೆ’ ಎನ್ನುತ್ತದೆ. ಈ ಎರಡು ಸುದ್ದಿ ಹೊಂದದೆ ಇದ್ದಾಗ ತಲೆ ಸುತ್ತಿ ವಾಕರಿಕೆ ಬರುತ್ತದೆ. ಮದ್ದು ಇದರಲ್ಲೇ ಇದೆ. ಡೆಕ್ ಮೇಲೆ ಬಂದು ದೂರದ ದಿಗಂತ ನೋಡಿದರೆ ಕಣ್ಣಿಗೂ ಅಲುಗಾಟ ಕಾಣುತ್ತದೆ, ಜಗಳ ನಿಲ್ಲುತ್ತದೆ. ಮಲಗಿ ಕಣ್ಣು ಮುಚ್ಚಿದರೂ ಆದೀತು. ಫೋನ್ ನೋಡಿದರೆ, ಓದಲು ಕೂತರೆ ಜಾಸ್ತಿಯಾಗುತ್ತದೆ.

ಇದಕ್ಕೆ ತಯಾರಿ ಬುಕಿಂಗ್ ಮಾಡುವಾಗಲೇ ಶುರುವಾಗಬೇಕು. ಹಡಗು ಏತದ ಮರದಂತೆ ತೂಗುತ್ತದೆ. ತುದಿಗಳು ಹೆಚ್ಚು ಏರಿಳಿಯುತ್ತವೆ, ನಡು ಕಡಿಮೆ. ಮೇಲಿನ ಡೆಕ್‌ಗಳು ಕೆಳಗಿನವಕ್ಕಿಂತ ಹೆಚ್ಚು ಓಲಾಡುತ್ತವೆ. ವಾಕರಿಕೆ ಸ್ವಭಾವ ಇರುವವರು ನಡುಭಾಗದ, ಕೆಳಗಿನ ಡೆಕ್‌ನ ಕ್ಯಾಬಿನ್ ಆರಿಸಿಕೊಳ್ಳಿ.

ಮೆಕ್ಲಿಜಿನ್, ಡೈಮೆನ್‌ಹೈಡ್ರಿನೇಟ್ ಮಾತ್ರೆಗಳು ಕೆಲಸ ಮಾಡುತ್ತವೆ, ಆದರೆ ತೊಳಸಲು ಶುರುವಾಗುವ ಮೊದಲೇ ತೆಗೆದುಕೊಳ್ಳಬೇಕು. ನಿದ್ದೆ ಬರಿಸುತ್ತವೆ. ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮಿನ್ ಪಟ್ಟಿ ಮೂರು ದಿನ ಕೆಲಸ ಮಾಡುತ್ತದೆ, ನಾಲ್ಕು ಗಂಟೆ ಮೊದಲೇ ಅಂಟಿಸಬೇಕು. ಅಂಟಿಸಿದ ಕೈಯನ್ನು ಸೋಪು ಹಾಕಿ ತೊಳೆಯಿರಿ. ಅದೇ ಬೆರಳು ಕಣ್ಣಿಗೆ ತಗುಲಿದರೆ ಪಾಪೆ ಹಿಗ್ಗಿ ನೋಟ ಮಂಜಾಗುತ್ತದೆ. ಗ್ಲಾಕೋಮಾ ಇರುವವರು, ವಯಸ್ಸಾದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಮಕ್ಕಳಿಗಂತೂ ಬೇಡ.

ಹೊಟ್ಟೆಯ ಮಾತು ಬಂದಾಗ ನೊರೋವೈರಸ್ ಬಗ್ಗೆಯೂ ಹೇಳಬೇಕು. ಜನ ಒತ್ತಾಗಿರುವ ಕಡೆ ವಾಂತಿ ಭೇದಿ ಹರಡುವ ವೈರಸ್ ಇದು. ಸ್ಯಾನಿಟೈಸರ್ ಇದರ ಮೇಲೆ ಅಷ್ಟಾಗಿ ನಡೆಯುವುದಿಲ್ಲ. ಸೋಪು, ನೀರು, ಇಪ್ಪತ್ತು ಸೆಕೆಂಡು ಉಜ್ಜುವುದು, ಇದಕ್ಕೆ ಸಮನಾದದ್ದು ಬೇರೆ ಇಲ್ಲ. ಒಂದೆರಡು ಓಆರ್‌ಎಸ್ ಪೊಟ್ಟಣ ಚೀಲದಲ್ಲಿರಲಿ.

ಮಸ್ಟರ್ ಡ್ರಿಲ್

ಮಸ್ಟರ್ ಡ್ರಿಲ್ ಎಂದರೆ ಅಪಾಯದ ಹೊತ್ತಿಗೆಂದು ಮಾಡುವ ತಾಲೀಮು. ಹಡಗು ಹೊರಡುವ ಮುನ್ನ ಎಲ್ಲರೂ ತುರ್ತಿನಲ್ಲಿ ತಾವು ಸೇರಬೇಕಾದ ಜಾಗ ಎಲ್ಲಿದೆ ಎಂದು ನೋಡಿಕೊಳ್ಳಬೇಕು. ಇದು ಕಡ್ಡಾಯ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ತಾಗಿ ಮಗುಚಿದಾಗ 32 ಜನ ಸತ್ತರು. ಆ ದಿನವೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. 24 ಗಂಟೆಯೊಳಗೆ ಮಾಡಿದರೆ ಸಾಕು ಎಂಬ ನಿಯಮ ಆಗ ಇತ್ತು. ಆಮೇಲೆ ಅದು ಬದಲಾಯಿತು. ಏಳು ಚಿಕ್ಕ ಸದ್ದು, ಆಮೇಲೆ ಒಂದು ಉದ್ದ ಸದ್ದು ಕೇಳಿದರೆ ನಿಮ್ಮ ಜಾಗಕ್ಕೆ ಹೋಗಬೇಕು. ಕನ್ನಡಕ, ಚಪ್ಪಲಿ, ತುರ್ತು ಔಷಧಿ ರಾತ್ರಿ ಮಂಚದ ಪಕ್ಕದಲ್ಲೇ ಒಂದೇ ಕಡೆ ಇರಲಿ. ಕಿಟಕಿ ಇಲ್ಲದ ಕ್ಯಾಬಿನ್‌ನಲ್ಲಿ ದೀಪ ಹೋದರೆ ಕಣ್ಣಿಗೆ ಕೈ ಕಾಣುವುದಿಲ್ಲ. ಒಂದು ಪುಟ್ಟ ಟಾರ್ಚೂ ಬೇಕು.

ದಡದ ಮೇಲಿನ ಗಂಟೆಗಳು

ಬಂದರಿನಲ್ಲಿ ಇಳಿಯುವಾಗ ಹಡಗಿನ ಕಾರ್ಡ್, ಗುರುತಿನ ಚೀಟಿ, ಪಾಸ್‌ಪೋರ್ಟ್‌ನ ನಕಲು, ಸ್ವಲ್ಪ ಚಿಲ್ಲರೆ ನೋಟು, ನೀರಿನ ಬಾಟಲಿ, ಆ ದಿನದ ಔಷಧಿ ಜೊತೆಗಿರಲಿ. ಹಡಗಿನ ಸ್ಥಳೀಯ ಏಜೆಂಟರ ಫೋನ್ ನಂಬರ್ ಆ ದಿನದ ಕಾರ್ಯಕ್ರಮದ ಹಾಳೆಯಲ್ಲಿ ಇರುತ್ತದೆ. ಅದರ ಫೋಟೋ ತೆಗೆದುಕೊಳ್ಳಿ.

ಎಲ್ಲಕ್ಕಿಂತ ಮುಖ್ಯ, ಕೈಗಡಿಯಾರ. ಹಡಗಿನ ಸಮಯ ಒಂದು, ದಡದ ಸಮಯ ಇನ್ನೊಂದು ಆಗಿರಬಹುದು. ಫೋನ್ ತಾನಾಗಿಯೇ ದಡದ ಸಮಯಕ್ಕೆ ಬದಲಾಗಿಬಿಡುತ್ತದೆ. ಹಡಗು ಹೊರಡುವುದು ಹಡಗಿನ ಸಮಯಕ್ಕೆ. ಹೊರಡುವುದಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲೇ ಎಲ್ಲರೂ ಒಳಗಿರಬೇಕು. ಹಡಗಿನವರೇ ಏರ್ಪಡಿಸಿದ ಸುತ್ತಾಟ ತಡವಾದರೆ ಕಾಯುತ್ತಾರೆ, ನೀವಾಗಿ ಹೋಗಿ ತಡ ಮಾಡಿದರೆ ಕಾಯುವುದಿಲ್ಲ. ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಿ ಸೇರಬೇಕು. ಸಾದಾ ಮುಳ್ಳಿನ ಗಡಿಯಾರವನ್ನು ಹಡಗಿನ ಸಮಯಕ್ಕೆ ಇಟ್ಟು ಕಟ್ಟಿಕೊಂಡರೆ ಈ ಗೊಂದಲವೇ ಇಲ್ಲ.

ಗ್ರ್ಯಾಂಡ್ ಕೇಮನ್, ಸ್ಯಾಂಟೊರಿನಿಯಂಥ ಕಡೆ ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕುತ್ತದೆ. ಅಲ್ಲಿಂದ ಚಿಕ್ಕ ದೋಣಿಯಲ್ಲಿ ದಡಕ್ಕೆ ಹೋಗಬೇಕು. ವಾಪಸ್ ಬರುವಾಗ ದೋಣಿಯ ಸಾಲು ಉದ್ದ ಇರುತ್ತದೆ, ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ನೀರು ಎರಚುತ್ತದೆ, ಫೋನಿಗೆ ಒಂದು ಜಲನಿರೋಧಕ ಚೀಲ ಬೇಕು.

ಬಟ್ಟೆಯಲ್ಲೂ ದೇಶದಿಂದ ದೇಶಕ್ಕೆ ಕಟ್ಟುಪಾಡು ಇದೆ. ಬಾರ್ಬಡೋಸ್, ಜಮೈಕಾ, ಸೇಂಟ್ ಲೂಸಿಯಾದಲ್ಲಿ ಸೈನಿಕರ ಮಚ್ಚೆ ಮಚ್ಚೆ ಬಟ್ಟೆಯನ್ನು ಸಾಮಾನ್ಯ ಜನ ತೊಡುವಂತಿಲ್ಲ, ಅದು ಕಾನೂನು. ಮಕ್ಕಳ ಚಡ್ಡಿ, ಟೋಪಿಯನ್ನೂ ಒಮ್ಮೆ ನೋಡಿಕೊಳ್ಳಿ. ಮೆಡಿಟರೇನಿಯನ್ ಪ್ರವಾಸದಲ್ಲಿ ಚಿವಿಟಾವೆಕ್ಕಿಯಾ ಬಂದರಿನಿಂದ ರೋಮ್‌ಗೆ ಹೋಗಿ ಸೇಂಟ್ ಪೀಟರ್ಸ್ ಬೆಸಿಲಿಕಾ ನೋಡುವವರು ಹೆಗಲು, ಮಂಡಿ ಮುಚ್ಚಿರಬೇಕು. ಆ ತೆಳು ಶಾಲು ಇಲ್ಲೂ ಕೆಲಸಕ್ಕೆ ಬರುತ್ತದೆ.

ಫೋನ್ ಹಡಗಿನಲ್ಲಿ ಏರ್‌ಪ್ಲೇನ್ ಮೋಡ್‌ನಲ್ಲೇ ಇರಲಿ. ನಡುಸಮುದ್ರದಲ್ಲಿ ಅದು ಉಪಗ್ರಹದ ಮೂಲಕ ನಡೆಯುವ ಹಡಗಿನ ನೆಟ್‌ವರ್ಕ್‌ಗೆ ತಾನಾಗಿ ಸೇರಿಕೊಳ್ಳುತ್ತದೆ. ಮಾಮೂಲಿ ರೋಮಿಂಗ್ ಪ್ಯಾಕ್ ಅಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ, ಬಿಲ್ ಬೇರೆಯೇ ಬರುತ್ತದೆ. ನಕ್ಷೆ, ಟಿಕೆಟ್, ವಿಮೆ ಕಾಗದ ಎಲ್ಲ ಹೊರಡುವ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಕೊನೆಯ ರಾತ್ರಿ

ಇಳಿಯುವ ಹಿಂದಿನ ರಾತ್ರಿ ಹತ್ತು ಹನ್ನೊಂದರ ಹೊತ್ತಿಗೆ ಸೂಟ್‌ಕೇಸ್‌ಗಳನ್ನು ಬಾಗಿಲ ಹೊರಗೆ ಇಡಲು ಹೇಳುತ್ತಾರೆ. ಉದ್ದ ಓಣಿಯ ತುಂಬ ಸಾಲು ಸಾಲು ಸೂಟ್‌ಕೇಸ್ ನಿಂತಿರುತ್ತವೆ. ಸಿಬ್ಬಂದಿ ರಾತ್ರಿಯೇ ಒಯ್ಯುತ್ತಾರೆ. ಬೆಳಗ್ಗೆ ಅವು ಟರ್ಮಿನಲ್‌ನಲ್ಲಿ ಸಿಗುತ್ತವೆ. ಆತುರದಲ್ಲಿ ಎಲ್ಲವನ್ನೂ ತುಂಬಿಬಿಟ್ಟರೆ ಬೆಳಗ್ಗೆ ಉಳಿಯುವುದು ಮೈಮೇಲಿನ ರಾತ್ರಿ ಉಡುಪು ಮಾತ್ರ.

ಅದಕ್ಕೆ ಒಂದು ಸುಲಭ ದಾರಿ ಇದೆ. ಸೂಟ್‌ಕೇಸ್ ಮುಟ್ಟುವ ಮೊದಲು, ಮೊದಲ ದಿನ ತಂದ ಆ ಚಿಕ್ಕ ಬೆನ್ನುಚೀಲವನ್ನು ಮಂಚದ ಮೇಲಿಡಿ. ಬೆಳಗಿನ ಬಟ್ಟೆ, ಒಳ ಉಡುಪು, ಶೂ, ಬ್ರಷ್, ಔಷಧಿ, ಪಾಸ್‌ಪೋರ್ಟ್, ಚಾರ್ಜರ್ ಮೊದಲು ಅದಕ್ಕೆ ಹಾಕಿ. ಆಮೇಲೆ ಉಳಿದದ್ದನ್ನು ಸೂಟ್‌ಕೇಸ್‌ಗೆ ತುಂಬಿ. ಚೀಲ ಎಳೆದುಕೊಂಡು ಹೋಗುವ ಶಕ್ತಿ ಇರುವವರು ಸೂಟ್‌ಕೇಸನ್ನು ತಮ್ಮ ಬಳಿಯೇ ಇಟ್ಟುಕೊಂಡು ಬೆಳಗ್ಗೆ ತಾವೇ ಇಳಿಸಲು ಅನೇಕ ಹಡಗುಗಳಲ್ಲಿ ಬಿಡುತ್ತಾರೆ. ಬೆಳಗ್ಗೆ ವಿಮಾನ ಇರುವವರಿಗೆ ಅದೇ ಒಳ್ಳೆಯದು.

ಹಡಗಿನ ಹಣ್ಣು, ಊಟ ಯಾವುದನ್ನೂ ಚೀಲದಲ್ಲಿ ಇಟ್ಟುಕೊಂಡು ಇಳಿಯಬೇಡಿ. ಬಹಳಷ್ಟು ಬಂದರುಗಳಲ್ಲಿ ದಂಡ ಹಾಕುತ್ತಾರೆ. ಹೊರಡುವ ಮುನ್ನ ಲಾಕರ್ ತೆರೆದು ನೋಡಿ, ಮಂಚದ ಕೆಳಗೆ ಬಗ್ಗಿ ನೋಡಿ, ಸ್ನಾನದ ಮನೆಯ ಬಾಗಿಲ ಹಿಂದೆ ನೋಡಿ, ಪ್ಲಗ್ ಪಾಯಿಂಟ್ ನೋಡಿ. ಗೋಡೆಗೆ ಅಂಟಿಸಿದ ಕೊಕ್ಕೆಗಳನ್ನೂ ಎಣಿಸಿ ತೆಗೆದುಕೊಳ್ಳಿ.